ಕಾರಿನ ಹೆಡ್‌ಲೈಟ್ ಮಂಕಾಗಿದ್ಯಾ? ಎಲ್‌ಇಡಿ ಹಾಕಿಸೋ ಮುಂಚೆ ಇಷ್ಟು ನೋಡಿ

ಕನಕಪುರ: ಕತ್ತಲಾದ ಮೇಲೆ ಪಟ್ಟಣ ದಾಟಿ ಸಾತನೂರು ಕಡೆಗೋ ಕೋಡಿಹಳ್ಳಿ ಕಡೆಗೋ ಹೊರಟರೆ ಬೀದಿದೀಪ ಸಿಗೋದು ಊರು ಬಂದಾಗ ಮಾತ್ರ. ಮಿಕ್ಕ ದಾರಿಗೆಲ್ಲ ಗಾಡಿಯ ಹೆಡ್‌ಲೈಟೇ ಗತಿ. ಹಳೇ ಮಾರುತಿ, ಓಮ್ನಿ, ಬೊಲೆರೊ, ಟಾಟಾ ಏಸ್ ಇಟ್ಟುಕೊಂಡವರಲ್ಲಿ ಬಹಳ ಜನರದ್ದು ಒಂದೇ ದೂರು. ಲೈಟ್ ಉರಿಯುತ್ತೆ, ರಸ್ತೆ ಕಾಣಲ್ಲ.

ಇದಕ್ಕೆ ಸುಲಭದ ದಾರಿ ಅಂತ ಬಿಳಿ ಎಲ್‌ಇಡಿ ಬಲ್ಬ್ ಹಾಕಿಸಿಕೊಳ್ಳೋರೇ ಹೆಚ್ಚು. ಹಾಕಿಸಿದ ದಿನ ಗಾಡಿ ಮುಂದೆ ಹಗಲಿನ ಹಾಗೆ ಕಾಣುತ್ತೆ. ಆದರೆ ಅದೇ ಬೆಳಕು ಎದುರಿಗೆ ಬರುವ ಬೈಕ್ ಸವಾರನ ಕಣ್ಣಿಗೆ ಹೊಡೆಯುತ್ತೆ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತೆ. ಮೂರು ಸೆಕೆಂಡ್ ಕಣ್ಣು ಕತ್ತಲಾದರೆ ಅವನು 50 ಮೀಟರ್ ಏನೂ ಕಾಣದೆ ಓಡಿಸಿದ ಹಾಗೆ. ಆ 50 ಮೀಟರಿನಲ್ಲಿ ರಿಫ್ಲೆಕ್ಟರ್ ಇಲ್ಲದ ಎತ್ತಿನಗಾಡಿ ಇರಬಹುದು, ಕೆಟ್ಟು ನಿಂತ ಟ್ರ್ಯಾಕ್ಟರ್ ಇರಬಹುದು, ನಡೆದು ಹೋಗ್ತಿರೋ ಮನುಷ್ಯ ಇರಬಹುದು.

ಬಹುಪಾಲು ಹಳೇ ಗಾಡಿಗಳಲ್ಲಿ ಬಲ್ಬಿನ ಶಕ್ತಿ ಕಡಿಮೆ ಇರಲ್ಲ. ಇರೋ ಬೆಳಕೇ ರಸ್ತೆಗೆ ತಲುಪದೆ ಸೋರಿಹೋಗ್ತಿರುತ್ತೆ. ಮೊದಲು ಅದನ್ನ ಸರಿ ಮಾಡಿಸಿಕೊಂಡರೆ ಖರ್ಚೂ ಕಡಿಮೆ, ದಂಡದ ಭಯವೂ ಇಲ್ಲ.

ಬೆಳಕು ಎಲ್ಲಿ ಸೋರುತ್ತೆ?

ಹಳೇ ಗಾಡಿಗಳಲ್ಲಿ ಹೆಚ್ಚಾಗಿ ಇರೋದು ಎಚ್4 ಹ್ಯಾಲೋಜನ್ ಬಲ್ಬ್. ಹೈಬೀಮ್‌ಗೆ 60 ವ್ಯಾಟ್, ಡಿಮ್‌ಗೆ 55 ವ್ಯಾಟ್. ಈ ಬಲ್ಬಿನ ಬೆಳಕು ವೋಲ್ಟೇಜ್ ಮೇಲೆ ನಿಂತಿದೆ. ಕಂಪನಿಯವರು ಬೆಳಕು ಅಳೆಯೋದು 13.2 ವೋಲ್ಟ್ ಕೊಟ್ಟು. ಬಲ್ಬಿಗೆ ತಲುಪೋದು 12 ವೋಲ್ಟ್ ಆದರೆ ಬೆಳಕು ನೂರರಲ್ಲಿ ಸುಮಾರು 72ಕ್ಕೆ ಇಳಿಯುತ್ತೆ. 11 ವೋಲ್ಟ್ ಆದರೆ ಹೆಚ್ಚುಕಮ್ಮಿ ಅರ್ಧ ಬೆಳಕು ಹೋದಂಗೆ. ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ಜಾಸ್ತಿ ಇಳಿಯುತ್ತೆ ಅನ್ನೋದನ್ನ ನೆನಪಿಡಬೇಕು.

ಹಳೇ ಗಾಡಿಗಳಲ್ಲಿ ಕರೆಂಟು ಬ್ಯಾಟರಿಯಿಂದ ಹೊರಟು ಸ್ಟೇರಿಂಗ್ ಪಕ್ಕದ ಸ್ವಿಚ್ ಒಳಗೆ ಹೋಗಿ, ತೆಳು ವೈರಿನಲ್ಲಿ ಸುತ್ತಿ ಬಲ್ಬಿಗೆ ಬರುತ್ತೆ. ದಾರಿಯಲ್ಲಿ ಸುಟ್ಟ ಸ್ವಿಚ್ ಪಾಯಿಂಟ್, ಸಡಿಲ ಹೋಲ್ಡರ್, ತುಕ್ಕು ಹಿಡಿದ ಅರ್ಥಿಂಗ್ ಒಂದೊಂದೂ ಸ್ವಲ್ಪ ಸ್ವಲ್ಪ ವೋಲ್ಟೇಜ್ ನುಂಗುತ್ತೆ.

ಪರೀಕ್ಷೆ ಸುಲಭ. ಇಂಜಿನ್ ಸ್ಟಾರ್ಟ್ ಮಾಡಿ, ಲೈಟ್ ಹಾಕಿ, ಮಲ್ಟಿಮೀಟರ್‌ನಲ್ಲಿ ಬ್ಯಾಟರಿ ಹತ್ತಿರ ಒಂದು ಸಲ, ಬಲ್ಬ್ ಹೋಲ್ಡರ್ ಹತ್ತಿರ ಒಂದು ಸಲ ನೋಡಿಸಿ. ವ್ಯತ್ಯಾಸ ಅರ್ಧ ವೋಲ್ಟ್ ಒಳಗಿದ್ದರೆ ವೈರಿಂಗ್ ಚೆನ್ನಾಗಿದೆ. ಒಂದು ವೋಲ್ಟ್ ದಾಟಿದ್ದರೆ ಬಲ್ಬ್ ಬದಲಿಸಿ ಏನೂ ಪ್ರಯೋಜನ ಇಲ್ಲ. ಲೈಟ್ ಉರಿಯುವಾಗಲೇ ಅಳೆಯಬೇಕು, ಹೋಲ್ಡರ್ ಕಳಚಿ ಅಳೆದರೆ ತಪ್ಪು ಲೆಕ್ಕ ಬರುತ್ತೆ.

ರಿಲೇ ಕೆಲಸ ಏನು?

ರಿಲೇ ಹಾಕಿದರೆ ಸ್ಟೇರಿಂಗ್ ಸ್ವಿಚ್ಚು ರಿಲೇಗೆ ಸೂಚನೆ ಕೊಡುತ್ತೆ ಅಷ್ಟೇ. ಬಲ್ಬಿಗೆ ಬೇಕಾದ ಕರೆಂಟು ಬ್ಯಾಟರಿಯಿಂದ ದಪ್ಪ ವೈರಿನಲ್ಲಿ ನೇರವಾಗಿ ಬರುತ್ತೆ. ಹೈಬೀಮ್‌ಗೆ ಒಂದು, ಡಿಮ್‌ಗೆ ಒಂದು, ಒಟ್ಟು ಎರಡು ರಿಲೇ ಬೇಕು. ಬಲ್ಬಿನ ಕಡೆಗೆ 2.5 ಎಂಎಂ ವೈರ್ ಸಾಕು. ಬ್ಯಾಟರಿ ಹತ್ತಿರವೇ ಫ್ಯೂಸ್ ಇರಲೇಬೇಕು. ಫ್ಯೂಸ್ ಇಲ್ಲದೆ ನೇರ ವೈರ್ ಎಳೆದರೆ ಎಲ್ಲಾದರೂ ಉಜ್ಜಿ ಶಾರ್ಟ್ ಆದಾಗ ಬೆಂಕಿಗೆ ದಾರಿ. ಅರ್ಥಿಂಗ್ ವೈರನ್ನೂ ಹೊಸದಾಗಿ, ಬಣ್ಣ ಕೆರೆದ ಬಾಡಿ ಮೇಲೆ ಬಿಗಿಯಾಗಿ ಕೂರಿಸಬೇಕು.

ಈಚಿನ ಗಾಡಿಗಳಲ್ಲಿ ಕಂಪನಿಯೇ ರಿಲೇ ಕೊಟ್ಟಿರುತ್ತೆ ಅಥವಾ ಕಂಪ್ಯೂಟರ್ ಮೂಲಕ ಲೈಟ್ ನಡೆಯುತ್ತೆ. ಅವುಗಳಲ್ಲಿ ವೈರ್ ಕತ್ತರಿಸೋಕೆ ಹೋಗಬಾರದು, ವಾರಂಟಿಗೂ ತೊಂದರೆ.

ಹಾಗಾದ್ರೆ 100/90 ವ್ಯಾಟ್ ಬಲ್ಬ್ ಹಾಕಿಸಿದರೆ? ಎರಡು ಬಲ್ಬ್ ಸೇರಿ 200 ವ್ಯಾಟ್, ಅಂದರೆ 15 ಆಂಪಿಯರ್‌ಗೂ ಮೇಲೆ. ಕಂಪನಿ ವೈರಿಂಗ್ ಅಷ್ಟಕ್ಕೆ ಮಾಡಿದ್ದಲ್ಲ. ಹೋಲ್ಡರ್ ಕರಗುತ್ತೆ, ಸ್ವಿಚ್ ಸುಡುತ್ತೆ, ಪ್ಲಾಸ್ಟಿಕ್ ರಿಫ್ಲೆಕ್ಟರ್ ಬಿಸಿಗೆ ಹಾಳಾಗುತ್ತೆ.

ಗಾಜು ಹಳದಿ ಆಗಿದ್ರೆ

ಈಗಿನ ಹೆಡ್‌ಲೈಟಿನ ಮುಂಭಾಗ ಗಾಜಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ವರ್ಷಗಟ್ಟಲೆ ಬಿಸಿಲಿಗೆ ಮೇಲಿನ ಲೇಪ ಹೋಗಿ ಹಳದಿ ಆಗುತ್ತೆ. ಒಳಗೆ ಎಂಥ ಬಲ್ಬ್ ಇದ್ದರೂ ಬೆಳಕು ಅಲ್ಲೇ ಚದುರುತ್ತೆ. 1000, 2000, 3000 ನಂಬರಿನ ನೀರು ಉಜ್ಜುಕಾಗದದಲ್ಲಿ ಕ್ರಮವಾಗಿ ಉಜ್ಜಿ, ಪಾಲಿಶ್ ಮಾಡಿ, ಕೊನೆಗೆ ಬಿಸಿಲು ತಡೆಯುವ ಯುವಿ ಕ್ಲಿಯರ್ ಕೋಟ್ ಹೊಡೆಸಬೇಕು. ಆ ಕೋಟ್ ಬಿಟ್ಟರೆ ಸ್ವಲ್ಪ ದಿನಕ್ಕೆ ಮತ್ತೆ ಹಳದಿ. ಟೂತ್‌ಪೇಸ್ಟ್ ಉಜ್ಜೋದೂ ಹಾಗೇ, ನಾಲ್ಕು ದಿನದ ಮಾತು.

ಒಳಗಿನ ರಿಫ್ಲೆಕ್ಟರ್‌ನ ಬೆಳ್ಳಿ ಬಣ್ಣ ಎದ್ದುಹೋಗಿದ್ದರೆ ಪಾಲಿಶ್‌ನಿಂದ ಸರಿಹೋಗಲ್ಲ. ಹೆಡ್‌ಲೈಟ್ ಸೆಟ್ಟೇ ಬದಲಿಸಬೇಕು.

ಬಲ್ಬ್ ಹಳೆಯದಾಗಿದ್ದರೆ ಜೊತೆಯಾಗಿ ಎರಡೂ ಬದಲಿಸೋದು ಒಳ್ಳೇದು. ಹ್ಯಾಲೋಜನ್ ಗಾಜನ್ನ ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಜಾಗ ಹೆಚ್ಚು ಕಾದು ಬಲ್ಬ್ ಬೇಗ ಹೋಗುತ್ತೆ.

ಗೋಡೆ ಪರೀಕ್ಷೆ

ಸಮತಟ್ಟು ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರಕ್ಕೆ ಗಾಡಿ ನಿಲ್ಲಿಸಿ. ಟೈರ್ ಗಾಳಿ ಸರಿ ಇರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ. ಹೆಡ್‌ಲೈಟಿನ ನಡುಭಾಗ ನೆಲದಿಂದ ಎಷ್ಟು ಎತ್ತರ ಇದೆಯೋ ಅಷ್ಟೇ ಎತ್ತರಕ್ಕೆ ಗೋಡೆ ಮೇಲೆ ಗೆರೆ ಎಳೆಯಿರಿ. ಡಿಮ್ ಹಾಕಿದಾಗ ಬೆಳಕಿನ ಮೇಲಂಚು ಆ ಗೆರೆಗಿಂತ ಸುಮಾರು 5 ಸೆಂ.ಮೀ. ಕೆಳಗಿರಬೇಕು. ಹೆಡ್‌ಲೈಟ್ ಮೇಲೋ ಬಾನೆಟ್ ಒಳಗೋ ಕಂಪನಿ ಶೇಕಡಾ ಲೆಕ್ಕ ಬರೆದಿದ್ದರೆ ಅದನ್ನೇ ನಂಬಿ. 1.2 ಅಂತಿದ್ದರೆ 5 ಮೀಟರಿಗೆ 6 ಸೆಂ.ಮೀ.

ನಮ್ಮಲ್ಲಿ ಎಡಕ್ಕೆ ಓಡಿಸೋದರಿಂದ ಬೆಳಕು ಎಡಗಡೆ ಸ್ವಲ್ಪ ಮೇಲೇರಿ ರಸ್ತೆ ಅಂಚು ತೋರಿಸುತ್ತೆ, ಬಲಗಡೆ ಕೆಳಗೇ ಇರುತ್ತೆ. ಬೆಳಕು ಮೇಲಕ್ಕೆ ಹೋಗಿದ್ದರೆ ಮರದ ಕೊಂಬೆ ಕಾಣುತ್ತೆ, ರಸ್ತೆ ಕಾಣಲ್ಲ. ತೀರಾ ಕೆಳಗಿದ್ದರೆ ಬಂಪರ್ ಮುಂದಿನ ಗುಂಡಿ ಮಾತ್ರ ಕಾಣುತ್ತೆ.

ಹಿಂದೆ ಲೋಡ್ ಹಾಕಿದಾಗ ಮೂತಿ ಮೇಲೇಳುತ್ತೆ. ರೇಷ್ಮೆಗೂಡು ತುಂಬಿಕೊಂಡು ನಸುಕಿಗೆ ಮುಂಚೆ ರಾಮನಗರ ಮಾರುಕಟ್ಟೆಗೆ ಹೊರಡೋರು, ತರಕಾರಿ ಲೋಡ್ ತರೋರು ಇದನ್ನ ಗಮನಿಸಬೇಕು. ಸ್ಟೇರಿಂಗ್ ಪಕ್ಕ 0ಯಿಂದ 3ರವರೆಗೆ ನಂಬರ್ ಇರುವ ಚಿಕ್ಕ ಚಕ್ರ ಇದ್ದರೆ ಅದು ಇದಕ್ಕೇ ಇರೋದು. ಲೋಡ್ ಹೆಚ್ಚಿದಂತೆ ನಂಬರ್ ಹೆಚ್ಚಿಸಿದರೆ ಬೆಳಕು ಕೆಳಗಿಳಿಯುತ್ತೆ.

ಎಲ್‌ಇಡಿ ಬಲ್ಬ್ ಯಾಕೆ ಕುಕ್ಕುತ್ತೆ?

ಹೆಡ್‌ಲೈಟಿನ ರಿಫ್ಲೆಕ್ಟರ್ ಮಾಡಿರೋದು ಹ್ಯಾಲೋಜನ್ ಬಲ್ಬಿನ ಒಳಗಿರುವ ಸಣ್ಣ ತಂತಿಯ ಜಾಗ, ಆಕಾರದ ಲೆಕ್ಕ ಇಟ್ಟುಕೊಂಡು. ಎಲ್‌ಇಡಿ ಬಲ್ಬಿನಲ್ಲಿ ತಂತಿ ಇಲ್ಲ, ಪಟ್ಟಿಯ ಎರಡು ಬದಿಗೆ ಚಿಪ್ ಇರುತ್ತೆ. ಬೆಳಕು ಹುಟ್ಟೋ ಜಾಗ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಮೇಲಂಚು ಕೆಟ್ಟು ಬೆಳಕು ಮೇಲಕ್ಕೆ ಚದುರುತ್ತೆ. ಗಾಡಿ ಮುಂದಿನ ಹತ್ತು ಮೀಟರ್ ಬೆಳ್ಳಗೆ ಹೊಳೆಯೋದರಿಂದ ಓಡಿಸೋನಿಗೂ ದೂರದ್ದು ಇನ್ನೂ ಕತ್ತಲಾಗಿ ಕಾಣುತ್ತೆ. ಮಳೆಯಲ್ಲಿ, ಮಂಜಿನಲ್ಲಿ ನೀಲಿ ಬಿಳುಪಿನ ಬೆಳಕು ವಾಪಸ್ ತನ್ನ ಕಣ್ಣಿಗೇ ಹೊಡೆಯುತ್ತೆ.

ಕಂಪನಿಯಿಂದಲೇ ಎಲ್‌ಇಡಿ ಬಂದಿರುವ ಕಾರಿನ ವಿಷಯ ಬೇರೆ, ಅದರ ಹೆಡ್‌ಲೈಟ್ ಪೂರ್ತಿ ಎಲ್‌ಇಡಿಗೇ ಮಾಡಿರೋದು. ಜರ್ಮನಿಯಲ್ಲಿ 2020ರಲ್ಲಿ ಒಸ್ರಾಮ್ ಕಂಪನಿಯ ಒಂದು ಎಲ್‌ಇಡಿ ಬಲ್ಬನ್ನ ಹ್ಯಾಲೋಜನ್ ಬದಲಿಗೆ ಹಾಕಲು ಅನುಮತಿ ಸಿಕ್ಕಿತು. ಅದೂ ಪರೀಕ್ಷೆ ಮಾಡಿ ಪಾಸಾದ ಕಾರು ಮಾದರಿಗಳಿಗೆ ಮಾತ್ರ. ಎಲ್ಲ ಗಾಡಿಗೂ ಆಗುತ್ತೆ ಅಂತ ಡಬ್ಬಿ ಮೇಲೆ ಬರೆದ ಬಲ್ಬಿಗೆ ಅಂಥ ಪರೀಕ್ಷೆ ಆಗಿರಲ್ಲ.

ಕಾನೂನು ಏನು ಹೇಳುತ್ತೆ?

ಕೇಂದ್ರ ಮೋಟಾರು ವಾಹನ ನಿಯಮ 106ರ ಪ್ರಕಾರ, ದೀಪದಿಂದ 8 ಮೀಟರ್ ಮುಂದೆ, ಅದರ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಬೆಳಕು ಕುಕ್ಕಬಾರದು. ಎದುರು ಗಾಡಿಯವನ ಕಣ್ಣು ಇರೋದು ಹೆಚ್ಚುಕಮ್ಮಿ ಅಲ್ಲೇ. ಡಿಮ್ ಹಾಕಿ, ಆ ಜಾಗದಲ್ಲಿ ತಾವೇ ನಿಂತು ನೋಡಬಹುದು.

ರಾಜ್ಯದಲ್ಲಿ ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳ ವಿರುದ್ಧ 2024ರ ಜುಲೈ 1ರಿಂದ ಪೊಲೀಸರು ವಿಶೇಷ ಕಾರ್ಯಾಚರಣೆ ಶುರು ಮಾಡಿದರು. ಸಂಚಾರ ಮತ್ತು ರಸ್ತೆ ಸುರಕ್ಷತೆ ವಿಭಾಗದ ಆಗಿನ ಎಡಿಜಿಪಿ ಅಲೋಕ್ ಕುಮಾರ್ ಈ ಸೂಚನೆ ಕೊಟ್ಟಿದ್ದರು. ಕೇಸ್ ಹಾಕೋದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 177ರ ಅಡಿ. ಕಾಯ್ದೆ ಪ್ರಕಾರ ಮೊದಲ ಸಲ 500 ರೂ.ವರೆಗೆ, ಮತ್ತೆ ಸಿಕ್ಕಿಬಿದ್ದರೆ 1,500 ರೂ.ವರೆಗೆ ದಂಡ. ಕಂಪನಿ ಕೊಟ್ಟಿದ್ದನ್ನ ಕಾನೂನು ಮೀರಿ ಬದಲಾಯಿಸಿದರೆ ಸೆಕ್ಷನ್ 182ಎ(4) ಇದೆ. ಅದರಲ್ಲಿ ಒಂದೊಂದು ಬದಲಾವಣೆಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ.

ಅಂಗಡಿಯವರಿಗೆ, ಸವಾರರಿಗೆ

ಬಲ್ಬ್ ಕೇಳಿಕೊಂಡು ಬಂದವರಿಗೆ ಮೊದಲು ವೋಲ್ಟೇಜ್ ಅಳೆದು ತೋರಿಸಿದರೆ ಅಂಗಡಿಯವರಿಗೂ ಲುಕ್ಸಾನಿಲ್ಲ. ರಿಲೇ, ವೈರ್, ಹೋಲ್ಡರ್, ಪಾಲಿಶ್, ಅಲೈನ್‌ಮೆಂಟ್ ಎಲ್ಲವೂ ದುಡ್ಡಿನ ಕೆಲಸವೇ. ಪೊಲೀಸರು ಕಿತ್ತು ಹಾಕಿಸಿದ ಮೇಲೆ ಗಿರಾಕಿ ಬಂದು ಜಗಳ ಮಾಡೋದಕ್ಕಿಂತ ಅದು ವಾಸಿ. ಟ್ರ್ಯಾಕ್ಟರ್ ಇಟ್ಟುಕೊಂಡವರು ಹೊಲದಲ್ಲಿ ಉಳುವಾಗ ಹಾಕೋ ಹಿಂದಿನ ಬಿಳಿ ಲೈಟನ್ನ ರಸ್ತೆಗೆ ಬಂದ ತಕ್ಷಣ ಆರಿಸಬೇಕು. ಎತ್ತಿನಗಾಡಿ, ಟ್ರೇಲರ್ ಹಿಂದೆ ರಿಫ್ಲೆಕ್ಟರ್ ಸ್ಟಿಕ್ಕರ್ ಅಂಟಿಸಿದರೆ ಮಂಕು ಲೈಟಿಗೂ ದೂರದಿಂದಲೇ ಕಾಣುತ್ತೆ.

ಮುಂದಿನ ಗ್ಲಾಸಿನ ಒಳಮೈ ಒರೆಸೋದು, ಸವೆದ ವೈಪರ್ ಬದಲಿಸೋದು ಮರೆಯಬಾರದು. ಎಲ್ಲ ಸರಿಯಿದ್ದೂ ಎದುರು ಲೈಟಿನ ಸುತ್ತ ಬಳೆ ಬಳೆಯಾಗಿ ಕಾಣ್ತಿದ್ದರೆ ಕಣ್ಣನ್ನ ತೋರಿಸಬೇಕು. ಪೊರೆ ಶುರುವಾಗಿದ್ದರೂ ಹಾಗೆ ಕಾಣುತ್ತೆ.

ಇಷ್ಟೆಲ್ಲ ಮಾಡಿಸಿದರೂ ಡಿಮ್ ಲೈಟಿಗೆ ಒಂದು ಮಿತಿ ಇದೆ. ಚೆನ್ನಾಗಿರೋ ಡಿಮ್‌ನಲ್ಲಿ ಸ್ಪಷ್ಟವಾಗಿ ಕಾಣೋದು ಸುಮಾರು 50 ಮೀಟರ್. 60 ಕಿ.ಮೀ. ವೇಗದಲ್ಲಿ ಬ್ರೇಕ್ ಹಾಕಿ ನಿಲ್ಲೋಕೆ ಹತ್ತಿರ ಹತ್ತಿರ 45 ಮೀಟರ್ ಬೇಕು. 80ರಲ್ಲಿ ಸುಮಾರು 70 ಮೀಟರ್. ದೊಡ್ಡಾಲಹಳ್ಳಿ ದಾಟಿ ಸಂಗಮದ ಕಡೆ ಕಾಡು ಶುರುವಾಗುತ್ತೆ, ಸಾತನೂರು, ಕೋಡಿಹಳ್ಳಿ ಭಾಗದಲ್ಲಿ ಆನೆ ರಸ್ತೆಗೆ ಬರುತ್ತೆ. ಬೂದು ಮೈಯ ಆನೆ ಲೈಟಿಗೆ ಹೊಳೆಯಲ್ಲ, ಹತ್ತಿರ ಬಂದ ಮೇಲೇ ಕಾಣೋದು. ಅಲ್ಲಿ ಬಲ್ಬ್ ಯಾವುದಾದರೂ ಆಗಲಿ, ಕಾಣುವಷ್ಟು ದೂರದಲ್ಲಿ ನಿಲ್ಲಿಸೋಕೆ ಆಗುವ ವೇಗದಲ್ಲೇ ಹೋಗಬೇಕು.