ಗೇರು ಮೊದಲು ಯಾರ ಹೆಸರು?

ಮಾರ್ಚ್ ಕಳೆದು ಬಿಸಿಲೇರಿತೆಂದರೆ ಕಾರ್ಕಳದ ಕಡೆ ಬೆಳಗಾಗುವ ಮೊದಲೇ ಗುಡ್ಡೆಗೆ ಬೀಜ ಹೆಕ್ಕಲಿಕ್ಕೆ ಹೋಗುತ್ತಾರೆ. ಯಾವ ಬೀಜ ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಬೀಜವೆಂದರೆ ಗೇರುಬೀಜವೇ. ಹಾಗೆ ನಮ್ಮದೇ ಆಗಿಹೋದ ಈ ಮರ ಹುಟ್ಟಿದ್ದು ಬ್ರೆಜಿಲ್‌ನಲ್ಲಿ. 16ನೇ ಶತಮಾನದಲ್ಲಿ ಪೋರ್ಚುಗೀಸರು ತಂದರು. ಅಲ್ಲಿನ ತುಪಿ ಜನರ ‘ಅಕಾಜು’ ಎಂಬ ಮಾತೇ ಕಾಜು ಆಯಿತು.

‘ಗೇರು’ ಮಾತ್ರ ಹಡಗಿನಲ್ಲಿ ಬಂದದ್ದಲ್ಲ. ಹಳಗನ್ನಡದಲ್ಲಿ ಅದು ಕೇರ್. ಮಲಯಾಳದಲ್ಲಿ ಚೇರ್, ನಮ್ಮ ಕಿವಿ ಅವರಲ್ಲಿ ಚೆವಿಯಾದ ಹಾಗೆ. ಆ ಹೆಸರಿನ ಮೊದಲ ಒಡೆಯ ಇಲ್ಲಿಯದೇ ಕಾಡುಮರ, ಆಯುರ್ವೇದದ ಭಲ್ಲಾತಕ.

ಅದರ ಕಾಯಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಹೆಬ್ಬೆರಳ ತುದಿಯಷ್ಟು ದೊಡ್ಡದು, ಕಪ್ಪಗೆ ಮಿರುಗುವ, ಹೃದಯದ ಆಕಾರದ ಬೀಜ; ಅದರ ಮೇಲೆ ಕಿತ್ತಳೆ ಬಣ್ಣದ ಮೆತ್ತನೆಯ ಹಣ್ಣು. ಥೇಟ್ ಗೇರುಹಣ್ಣಿನ ಮರಿ! ಚುಚ್ಚಿದರೆ ಬರುವ ಸೊನೆ ಮೈಗೆ ತಾಗಿದಲ್ಲಿ ಬೊಕ್ಕೆ ಏಳುತ್ತದೆ. ಬಟ್ಟೆಗೆ ತಾಗಿಸಿ ಸುಣ್ಣದ ನೀರು ಹಚ್ಚಿದರೆ ಎಷ್ಟು ಒಗೆದರೂ ಹೋಗದ ಕರಿ ಗುರುತು. ಮಡಿವಾಳರು ಯಾರ ಮನೆಯ ಬಟ್ಟೆ ಯಾವುದೆಂದು ತಿಳಿಯುತ್ತಿದ್ದದ್ದು ಈ ಗುರುತಿನಿಂದ.

ಹೊರಗಿನಿಂದ ಬಂದ ಹಣ್ಣಿಗೂ ಅದೇ ರೂಪ, ಸಿಪ್ಪೆಯಲ್ಲಿ ಅದೇ ಸುಡುವ ಎಣ್ಣೆ. ನಮ್ಮ ಹಿರಿಯರು ಸರಿಯಾಗಿಯೇ ನೋಡಿದ್ದರು. ಎರಡೂ ಒಂದೇ ಕುಟುಂಬದವು. ಹಾಗಾಗಿ ಹೆಸರನ್ನು ಹಂಚಿದರು. ಕ್ರಮೇಣ ಹೊಸಬನೇ ‘ಗೇರು’ ಆದ, ಹಳಬ ಗುಡ್ಡೆಗೇರು, ಕರಿಗೇರು ಎಂದಾದ. ಕೊಂಕಣಿಗರ ಅಡುಗೆಮನೆಯಲ್ಲೂ ಇದೇ ನಡೆದಿದೆ. ತೊಂಡೆಕಾಯಿಯ ಜೊತೆ ಉಪ್ಕರಿ ಎಂಬ ಪಲ್ಯವಾಗುವ ಎಳೆ ಗೇರುಬೀಜ ಅವರಿಗೆ ಬಿಬ್ಬೊ. ಮರಾಠಿಯಲ್ಲಿ ಬಿಬ್ಬಾ ಎಂದರೆ ಈಗಲೂ ಗುಡ್ಡೆಗೇರೇ.

ಲ್ಯಾಟಿನ್ ಕೂಡ ಹಾಗೇ ಮಾಡಿತೆಂದು ತಿಳಿದಾಗ ನನಗೆ ಮೈ ಜುಮ್ಮೆಂದಿತು. ಹೃದಯ ಎಂಬರ್ಥದ ಗ್ರೀಕ್ ಮಾತನ್ನು ಒಳಗಿಟ್ಟುಕೊಂಡ ‘ಅನಾಕಾರ್ಡಿಯಂ’ ಯುರೋಪಿನ ಔಷಧದಂಗಡಿಗಳಲ್ಲಿ ಭಾರತದ ಕರಿಬೀಜದ ಹೆಸರಾಗಿತ್ತು. ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಅದನ್ನು ಬ್ರೆಜಿಲ್ ಮರಕ್ಕೆ ಕೊಟ್ಟು ‘ಅನಾಕಾರ್ಡಿಯಂ ಆಕ್ಸಿಡೆಂಟೇಲ್’, ಪಶ್ಚಿಮದ್ದು, ಎಂದು ಬರೆದ. ನಮ್ಮ ಮರಕ್ಕೆ ಅವನ ಮಗ ‘ಸೆಮೆಕಾರ್ಪಸ್ ಅನಾಕಾರ್ಡಿಯಂ’ ಎಂದು ಹೆಸರಿಟ್ಟ. ಸೆಮೆಕಾರ್ಪಸ್ ಎಂದರೆ ಗುರುತಿನ ಕಾಯಿ. ಮಡಿವಾಳರ ಕೆಲಸ ಹಾಗೆ ಲ್ಯಾಟಿನ್ ಸೇರಿತು. ಹೋಮಿಯೋಪಥಿಯವರು ಮಾತ್ರ ಹಳೆಯ ಹೆಸರನ್ನು ಬಿಟ್ಟಿಲ್ಲ. ಮಣಿಪಾಲದ ಔಷಧದಂಗಡಿಯಲ್ಲಿ ‘ಅನಾಕಾರ್ಡಿಯಂ ಓರಿಯೆಂಟೇಲ್’ ಕೇಳಿದರೆ ಕೊಡುವುದು ಗುಡ್ಡೆಗೇರಿನ ಔಷಧ.

ಇನ್ನೊಂದು ದಾಯಾದಿಯನ್ನು ಮರೆಯಬಾರದು. 1801ರಲ್ಲಿ ಕಾರ್ಕಳ, ಉಡುಪಿಯ ದಾರಿಯಲ್ಲಿ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕನನ್ ಸೊನೆಯಿಂದ ಸುಡುವ ಮತ್ತೊಂದು ಕಾಡುಮರದ ಹೆಸರನ್ನು, ನಮ್ಮ ಹೊಲಗೇರನ್ನು, ಕಿವಿಗೆ ಬಿದ್ದಂತೆ ಬರೆದುಕೊಂಡ. 1820ರಲ್ಲಿ ಅದು ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್‌ನ ಪುಸ್ತಕದಲ್ಲಿ ಇಡೀ ಕುಲದ ಹೆಸರಾಗಿ ಅಚ್ಚಾಯಿತು: ಹೊಲಿಗಾರ್ನಾ. ನಿಧಾನವಾಗಿ ಉಚ್ಚರಿಸಿ ನೋಡಿ, ಒಳಗೆ ಗೇರು ಕೇಳಿಸುತ್ತದೆ.