ಪುಸ್ತಕಪ್ರೇಮಿಗೆ ಉಡುಗೊರೆ: ಓಲೆಗರಿಯಿಂದ ಕಾಫಿ ಮಗ್‌ವರೆಗೆ

ಕಾಕ್ಕನಾಡಿನ ಕನ್ನಡ ಕೇಳುಗರೇ, ನಿಮ್ಮ ಬಳಗದಲ್ಲಿ ಒಬ್ಬರಾದರೂ ಪುಸ್ತಕದ ಹುಳು ಇದ್ದೇ ಇರುತ್ತಾರೆ. ಅವರ ಹುಟ್ಟುಹಬ್ಬ ಬಂತೆಂದರೆ ನಿಮಗೆ ಫಜೀತಿ. ಯಾವ ಪುಸ್ತಕ ಕೊಟ್ಟರೂ ಅದು ಅವರ ಕಪಾಟಿನಲ್ಲಿ ಆಗಲೇ ಇರುತ್ತದೆ! ಕೊನೆಗೆ ಬಷೀರರ ಚಿತ್ರದ ಮಗ್, ಕುವೆಂಪು ಮುಖದ ಟೀ ಶರ್ಟ್, ಚಂದದ ಬುಕ್‌ಮಾರ್ಕ್ ಹುಡುಕುತ್ತೀರಿ. ಓದುವವರಿಗೆ ಏನು ಕೊಡಬೇಕೆಂಬ ಈ ಯೋಚನೆ ಕನ್ನಡದಲ್ಲಿ ಸಾವಿರ ವರ್ಷ ಹಳೆಯದು, ಗೊತ್ತೇ?

ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ಕೇಳಿದ್ದೀರಿ. ಹತ್ತನೆಯ ಶತಮಾನದಲ್ಲಿ ಆಕೆ ಪೊನ್ನನ 'ಶಾಂತಿಪುರಾಣ'ದ 1000 ಪ್ರತಿಗಳನ್ನು ಬರೆಸಿ ಹಂಚಿದಳು. ಜೊತೆಗೆ ಚಿನ್ನ ಮತ್ತು ರತ್ನದ 1500 ಜಿನಬಿಂಬಗಳನ್ನೂ ಮಾಡಿಸಿಕೊಟ್ಟಳು. ಇಂದಿನ ಮಾತಿನಲ್ಲಿ ಪುಸ್ತಕದ ಜೊತೆಗೊಂದು ಗಿಫ್ಟ್! (ಇದು ನನ್ನ ತಮಾಷೆ ಅಷ್ಟೆ, ಆಕೆಗೆ ಅದು ಶಾಸ್ತ್ರದಾನ, ಧರ್ಮಕಾರ್ಯ.) ಮುದ್ರಣ ಯಂತ್ರ ಇಲ್ಲದ ಕಾಲ. ಓಲೆಗರಿಯ ಮೇಲೆ ಕಂಠದಿಂದ ಒಂದೊಂದೇ ಅಕ್ಷರ ಕೊರೆಯಬೇಕು. ಹಾಗೆ ಸಾವಿರ ಸಲ ಎಂದರೆ ಎಷ್ಟು ಬೆರಳುಗಳು ನೊಂದಿರಬೇಕು, ಊಹಿಸಿ. ಪೊನ್ನನ ಆ ಕಾವ್ಯ ಇಂದಿಗೂ ನಮ್ಮ ಕೈಯಲ್ಲಿದೆ.

ಮುದ್ರಣ ಬಂದ ಮೇಲೆ ಪ್ರತಿಗಳು ಹೆಚ್ಚಿದವು, ಕೊಳ್ಳುವವರು ಅಷ್ಟಾಗಿ ಹೆಚ್ಚಲಿಲ್ಲ. 1869ರಲ್ಲಿ ಹುಟ್ಟಿದ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು.

ಅದೇ ಕಥೆ ನೀವಿರುವ ಊರಿನಲ್ಲೂ ನಡೆಯಿತು. ವೈಕಂ ಮುಹಮ್ಮದ್ ಬಷೀರ್ ತಮ್ಮ ಪುಸ್ತಕಗಳನ್ನು ಮನೆಮನೆಗೆ ಒಯ್ದು ಮಾರಿದವರು. ಮುಂದೆ ಎರ್ನಾಕುಳಂನಲ್ಲಿ ತಾವೇ ಪುಸ್ತಕದಂಗಡಿ ಇಟ್ಟರು. ಗಿರಾಕಿಗೆ ಪುಸ್ತಕ ಕಟ್ಟಿಕೊಡುವವನೇ ಅದನ್ನು ಬರೆದವನು! ಇದಕ್ಕಿಂತ ಒಳ್ಳೆಯ ಉಡುಗೊರೆ ಅಂಗಡಿ ಬೇಕೆ? 1945ರಲ್ಲಿ ಕೋಟ್ಟಯಂನ ಲೇಖಕರು ಸಹಕಾರ ಸಂಘ ಕಟ್ಟಿ ಬರೆದವರಿಗೆ ಶೇ. 30ರಷ್ಟು ರಾಯಲ್ಟಿ ಕೊಡತೊಡಗಿದರು. ಮಲಯಾಳದಲ್ಲಿ ಪುಸ್ತಕ ಮನೆಮಾತಾದದ್ದರ ಹಿಂದೆ ಇಂಥ ವ್ಯವಹಾರ ಜಾಣ್ಮೆಯೂ ಇದೆ. ಬಷೀರ್ 1994ರಲ್ಲಿ ತೀರಿಕೊಂಡರು. ಅವರ ಬೋಳುತಲೆ, ಆರಾಮಕುರ್ಚಿ, ಮ್ಯಾಂಗೊಸ್ಟೀನ್ ಮರ ಈಗ ಕೇರಳದ ಪರಿಚಿತ ಚಿತ್ರಗಳು.

ಕನ್ನಡದ ಸರದಿ ಸ್ವಲ್ಪ ತಡವಾಯಿತು. 2000ರ ದಶಕದಲ್ಲಿ ಬೆಂಗಳೂರಿನ ಹುಡುಗ ಹುಡುಗಿಯರು ಕನ್ನಡ ಬರಹದ ಟೀ ಶರ್ಟ್ ತೊಟ್ಟು ಓಡಾಡಿದಾಗ, ಸಾಹಿತ್ಯವನ್ನು ಎದೆಯ ಮೇಲೆ ಹಾಕಿಕೊಂಡರೆ ತಲೆಗೆ ಹೋಗುತ್ತದೆಯೇ ಎಂದು ಹಿರಿಯರು ನಕ್ಕರು. ಬೆಂಗಳೂರಿನಲ್ಲಿ ಕುಳಿತು ನಗಬಹುದು, ಬೋರ್ಡಿನಲ್ಲಿ, ಬಸ್ಸಿನಲ್ಲಿ ಕನ್ನಡ ಕಾಣುತ್ತದೆ. ಇನ್ಫೋಪಾರ್ಕ್ ಕೆಲಸಕ್ಕೆಂದು ಇಲ್ಲಿಗೆ ಬಂದ ನಿಮ್ಮ ಮನೆಯ ಮಗುವಿಗೆ? ಶಾಲೆಯಲ್ಲಿ ಇಂಗ್ಲಿಷ್, ಮಲಯಾಳ, ಹಿಂದಿ. ಮನೆಯಲ್ಲಿ ಕನ್ನಡ ಮಾತಾಡುತ್ತದೆ, ಅಕ್ಷರ ಬಾರದು. ಆ ಮಗು ದಿನಾ ಹಾಲು ಕುಡಿಯುವ ಲೋಟದ ಮೇಲೆ ಅದರ ಹೆಸರು ಕನ್ನಡದಲ್ಲಿದ್ದರೆ ಅದನ್ನು ಆಟದ ಸಾಮಾನು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹೆಸರು ಗುರುತಿಸಿದ ಕಣ್ಣಿಗೆ ಮುಂದೆ ಕಥೆಪುಸ್ತಕವೂ ಕಂಡೀತು. ಆದರೆ ಲೋಟದ ಜೊತೆ ಆ ಕಥೆಪುಸ್ತಕವನ್ನೂ ಕೊಡಿ ಮಾರಾಯರೆ! ಇಲ್ಲದಿದ್ದರೆ ಮಗು ಹೆಸರಿನಲ್ಲೇ ನಿಂತುಬಿಡುತ್ತದೆ.

ಮಲಯಾಳಿ ಗೆಳೆಯರಿಗೆ ಕೊಡುವುದಾದರೆ 2023ರಲ್ಲಿ ಶುರುವಾದ ವಾಟರ್ ಮೆಟ್ರೋದಲ್ಲಿ ವೈಟ್ಟಿಲಕ್ಕೆ ಹೋಗಿ, ಅಲ್ಲಿಂದ ಎರ್ನಾಕುಳಂನ ಪುಸ್ತಕದಂಗಡಿಗಳನ್ನು ಸುತ್ತಿ. ಕೊಡುವಾಗ ಒಂದು ಮಾತು ಹೇಳಿ: ಗುಂಡರ್ಟರ ಪ್ರಸಿದ್ಧ ಮಲಯಾಳ ನಿಘಂಟು 1872ರಲ್ಲಿ ಪ್ರಕಟವಾದದ್ದು ನಮ್ಮ ಮಂಗಳೂರಿನಲ್ಲಿ. ಅವರ ಹುಬ್ಬು ಮೇಲೇರುತ್ತದೆ, ನೋಡಿ.

ಕನ್ನಡದ ಪುಸ್ತಕಕ್ಕೆ ಊರಿನಿಂದ ಬರುವವರ ಚೀಲವೇ ಗತಿ, ಇಲ್ಲವೇ ಅಂಚೆ. ಮಗ್ ಮಾತ್ರ ಇಲ್ಲೇ ಮುದ್ರಿಸಿಕೊಳ್ಳಬಹುದು. ಬರಹವನ್ನು ಚಿತ್ರವಾಗಿ ಮಾಡಿ ಒಯ್ಯಿರಿ. ಅಂಗಡಿಯ ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಲು ಹೋದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದೀತು, 'ಅಮ್ಮ' ಹೋಗಿ 'ಅಮ್‌ಮ' ಆದೀತು.