ಫೋಟೋದಲ್ಲಿರೋರ ಹೆಸರೇನು?

ಉಲ್ಲಾಳ ಅಂದ ತಕ್ಷಣ ಆಫೀಸಲ್ಲಿ ಅರ್ಧ ಜನ ರಾಣಿ ಅಬ್ಬಕ್ಕನ ಊರು ಅಂದ್ಕೋತಾರೆ. ಅದು ಮಂಗಳೂರಿನ ಪಕ್ಕದ್ದು. ನಾನಿರೋದು ಬೆಂಗಳೂರಿನ ಪಶ್ಚಿಮದ ಅಂಚಿನಲ್ಲಿ, ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ ಇರೋ ಉಲ್ಲಾಳದಲ್ಲಿ. ಅಬ್ಬಕ್ಕನ ಉಲ್ಲಾಳಕ್ಕೆ ಇತಿಹಾಸದ ಪುಸ್ತಕದಲ್ಲಿ ಜಾಗ ಇದೆ. ನಮ್ಮದಕ್ಕೆ ಇರೋದು ಒಂದು ಕೆರೆ, ಒಂದು ಮೇನ್ ರೋಡು, ಸುತ್ತ ಲೇಔಟುಗಳು. ಇಪ್ಪತ್ತೈದು ವರ್ಷದ ಹಿಂದೆ ಈ ಮೇನ್ ರೋಡು ಹೇಗಿತ್ತು ಅಂತ ಒಂದು ಫೋಟೋಗೆ ತಿಂಗಳುಗಟ್ಟಲೆ ಹುಡುಕಿದೆ. ಹಳೇ ಮನೆಗಳಲ್ಲಿ ಕೇಳಿದಾಗ ಸಿಕ್ಕಿದ್ದು ಮದುವೆ ಆಲ್ಬಮ್ಮು ಮತ್ತು ಗೋಡೆಗೆ ತೂಗುಹಾಕಿದ್ದ ಹಿರಿಯರ ಫೋಟೋ, ಅಷ್ಟೇ. ರಸ್ತೆಯನ್ನ ಯಾರೂ ತೆಗೆದಿರಲಿಲ್ಲ. ರಸ್ತೆ ಫೋಟೋ ಯಾಕೆ ತೆಗೀತಾರೆ, ಅಲ್ವಾ?

ಹಾಗಂತ ಕ್ಯಾಮೆರಾ ನಮ್ಮ ಊರಿಗೆ ತಡವಾಗಿ ಬಂತು ಅನ್ನೋ ಹಾಗಿಲ್ಲ. ಪ್ಯಾರಿಸ್ಸಿನಲ್ಲಿ ಡಗೇರ್ ತನ್ನ ವಿಧಾನವನ್ನ ಜಗತ್ತಿಗೆ ಹೇಳಿದ್ದು 1839ರಲ್ಲಿ. ಹದಿನೈದೇ ವರ್ಷಕ್ಕೆ, 1854ರ ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲಿದ್ದ ಮದ್ರಾಸ್ ಸೇನೆಯ ಅಧಿಕಾರಿ ಲಿನೇಯಸ್ ಟ್ರೈಪ್ ಕ್ಯಾಮೆರಾ ಕಟ್ಟಿಕೊಂಡು ಹಳೇಬೀಡು, ಬೇಲೂರಿಗೆ ಹೋಗಿಬಂದ. ಆ ಫೋಟೋಗಳು ಮುಂದಿನ ವರ್ಷ ಮದ್ರಾಸಿನ ವಸ್ತುಪ್ರದರ್ಶನದಲ್ಲಿದ್ದವು. ಹೊಯ್ಸಳರ ಕಲ್ಲುಗಳಿಗೆ ಅಷ್ಟು ಬೇಗ ಫೋಟೋ ಭಾಗ್ಯ ಬಂತು. ದಾರಿಯಲ್ಲಿ ಸಿಕ್ಕ ಸಂತೆಗಳಿಗೆ, ಗಾಡಿ ಹೊಡೆಯೋರಿಗೆ ಬರಲಿಲ್ಲ.

ಇದರಲ್ಲಿ ಟ್ರೈಪ್‌ನ ತಪ್ಪು ಅನ್ನೋದು ಕಡಿಮೆ. ಅವನು ಬಳಸಿದ್ದು ಪೇಪರ್ ನೆಗೆಟಿವ್. ಒಂದು ಫೋಟೋಗೆ ಹೊತ್ತುಗಟ್ಟಲೆ ಲೆನ್ಸ್ ತೆಗೆದಿಟ್ಟು ಕಾಯಬೇಕಿತ್ತು. ಕಲ್ಲು ಕಾಯತ್ತೆ, ಮನುಷ್ಯ ಕಾಯಲ್ಲ. 1838ರಲ್ಲಿ ಡಗೇರ್ ತೆಗೆದ ಪ್ಯಾರಿಸ್ ಬೀದಿಯ ಚಿತ್ರ ನೀವು ನೋಡಿರಬಹುದು. ಜನ, ಕುದುರೆಗಾಡಿ ತುಂಬಿದ್ದ ಬೀದಿ ಅದರಲ್ಲಿ ಖಾಲಿ ಹೊಡೀತಿದೆ. ಓಡಾಡೋರು ಯಾರೂ ಪ್ಲೇಟಿನ ಮೇಲೆ ಮೂಡಲೇ ಇಲ್ಲ. ಶೂ ಪಾಲಿಶ್ ಮಾಡಿಸ್ಕೊಳ್ತಾ ಒಂದೇ ಕಡೆ ನಿಂತಿದ್ದ ಒಬ್ಬ ಮಾತ್ರ ಉಳಿದ, ಪಾಲಿಶ್ ಮಾಡ್ತಿದ್ದವನು ಮಸುಕು ಮಸುಕಾಗಿ ಉಳಿದ. ಮನುಷ್ಯ ಕಾಣಿಸೋ ಮೊದಲ ಫೋಟೋ ಅದು ಅಂತಾರೆ. ಇಬ್ಬರ ಹೆಸರೂ ಯಾರಿಗೂ ಗೊತ್ತಿಲ್ಲ.

ಆಮೇಲೆ ತಂತ್ರ ಸುಧಾರಿಸ್ತು, ಫೋಟೋದೊಳಗೆ ಜನ ಬಂದರು. ಆದರೆ ಹೇಗೆ ಬಂದರು? 1868ರಿಂದ 1875ರವರೆಗೆ ಬ್ರಿಟಿಷರು ‘ದಿ ಪೀಪಲ್ ಆಫ್ ಇಂಡಿಯಾ’ ಅಂತ ಎಂಟು ಸಂಪುಟ ತಂದರು. ದೇಶದ ಉದ್ದಗಲದ ಜನರ ಫೋಟೋ, ಪಕ್ಕದಲ್ಲಿ ವಿವರಣೆ. ವಿವರಣೆ ಬಹುಪಾಲು ವ್ಯಕ್ತಿಯದ್ದಲ್ಲ, ಜಾತಿಯದ್ದು, ಪಂಗಡದ್ದು. ಇಂಥವರು ನಂಬಿಕಸ್ಥರು, ಇಂಥವರು ಕಳ್ಳರು ಅನ್ನೋ ಮಟ್ಟದ ಷರಾ ಕೂಡ ಉಂಟು. 1857ರ ದಂಗೆ ಆದ ಮೇಲೆ ಸರ್ಕಾರಕ್ಕೆ ತಾನು ಆಳ್ತಿರೋ ಜನ ಯಾರು ಅಂತ ತಿಳಿಯೋ ಅವಸರ ಇತ್ತು. ಕೂತವರಿಗೆ ಒಂದು ಕಾಪಿ ಕೊಟ್ಟಿರ್ತಾರೆ ಅಂತ ನಂಗಂತೂ ಅನ್ಸಲ್ಲ.

ಇದಕ್ಕೆ ಜನರೇ ಕೊಟ್ಟ ಉತ್ತರ ಸ್ಟುಡಿಯೋ ಅಂತ ನನ್ನ ಲೆಕ್ಕ. ಬೆಂಗಳೂರಿನಲ್ಲಿ ಜಿ.ಕೆ. ವೇಲ್ ಶುರುವಾಗಿದ್ದು 1910ರಲ್ಲಿ. ಅಂಥ ಕಡೆ ಕೂತಾಗ ಹೇಗೆ ಕಾಣಬೇಕು ಅನ್ನೋದನ್ನ ಕಾಸು ಕೊಟ್ಟವರು ತೀರ್ಮಾನ ಮಾಡ್ತಿದ್ರು. ರೇಷ್ಮೆ ಸೀರೆ, ಕೋಟು, ಪಕ್ಕದಲ್ಲೊಂದು ಹೂದಾನಿ. ನಮ್ಮ ಹಳ್ಳಿಗೆ ಇದು ತೊಂಬತ್ತರ ದಶಕದಲ್ಲಿ ಜಾತ್ರೆ ಅಂಗಡಿಯ ರೂಪದಲ್ಲಿ ಬಂತು: ಪರದೆ ಮೇಲೆ ಬರೆದ ತಾಜ್‌ಮಹಲು, ಮುಂದೆ ಒಂದು ಬುಲೆಟ್ಟು. ಹೊಲದಲ್ಲಿ ಕೆಲಸ ಮಾಡ್ತಿರೋ ನಮ್ಮಪ್ಪನ ಫೋಟೋ ನಮ್ಮನೇಲಿ ಒಂದೂ ಇಲ್ಲ. ಬುಲೆಟ್ ಮೇಲೆ ಕೂತಿರೋದು ಎರಡಿದೆ. ಅಪ್ಪಂಗೆ ಗಾಡಿ ಓಡಿಸೋಕೇ ಬರಲ್ಲ.

ಹಾಗಾದ್ರೆ ಬೀದಿಯನ್ನ, ದಿನದ ಬದುಕನ್ನ, ಇದೇ ಮುಖ್ಯ ಅಂತ ನೋಡಿದ ಕಣ್ಣು ಯಾವುದು? ನಮ್ಮಲ್ಲಿ ಆ ಹೆಸರು ಟಿ.ಎಸ್. ಸತ್ಯನ್. 1923ರಲ್ಲಿ ಹುಟ್ಟಿದ ಮೈಸೂರಿನವರು, ಮಹಾರಾಜಾ ಕಾಲೇಜಿನಲ್ಲಿ ಓದಿದವರು. 1948ರಲ್ಲಿ ಬೆಂಗಳೂರಿನಲ್ಲಿ ‘ಡೆಕ್ಕನ್ ಹೆರಾಲ್ಡ್’ ಶುರುವಾದಾಗ ಅದರ ಛಾಯಾಗ್ರಾಹಕರಾಗಿ ಸೇರಿದರು. ಆಮೇಲೆ ‘ಇಲಸ್ಟ್ರೇಟೆಡ್ ವೀಕ್ಲಿ’, ‘ಲೈಫ್’, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್. 1977ರಲ್ಲಿ ಪದ್ಮಶ್ರೀ. 1979 ಅಂತಾರಾಷ್ಟ್ರೀಯ ಮಕ್ಕಳ ವರ್ಷ. ಅದಕ್ಕೆ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಯುನಿಸೆಫ್ ಇವರು ತೆಗೆದ ಮಕ್ಕಳ ಫೋಟೋಗಳ ಪ್ರದರ್ಶನ ಇಟ್ಟಿತ್ತು. ನೆಹರೂ ಕಾಲದ ದೊಡ್ಡವರನ್ನೆಲ್ಲ ತೆಗೆದ ಮನುಷ್ಯನ ಹೆಸರು ಉಳಿದಿರೋದು ಹೆಚ್ಚಾಗಿ ಶಾಲೆ ಮಕ್ಕಳು, ತಾಯಂದಿರು, ಕೆಲಸದಲ್ಲಿರೋ ಕೈಗಳಿಂದ. ಕಪ್ಪು ಬಿಳುಪು, ಫ್ಲ್ಯಾಶ್ ಹೊಡೆದು ಬೆಚ್ಚಿಬೀಳಿಸೋ ಗೋಜಿಲ್ಲ. 2005ರಲ್ಲಿ ಬಂದ ಅವರ ನೆನಪುಗಳ ಪುಸ್ತಕ ‘ಅಲೈವ್ ಅಂಡ್ ಕ್ಲಿಕಿಂಗ್’ ಸಿಕ್ಕಿದ್ರೆ ಓದಿ. ಕ್ಯಾಮೆರಾ ಮಾಡೆಲ್ ನಂಬರಿಗಿಂತ ಜನರ ವಿಷಯಾನೇ ಜಾಸ್ತಿ ಇರೋ ಪುಸ್ತಕ. ಅವರು ಪತ್ರಕರ್ತರೂ ಆಗಿದ್ದರು ಅನ್ನೋದನ್ನ ಮರೀಬಾರದು. ಯಾರು, ಎಲ್ಲಿ, ಯಾವಾಗ ಅಂತ ಬರೆಯೋದು ಆ ಕೆಲಸದ ಅರ್ಧ ಭಾಗ.

ಬೆಂಗಳೂರಿನ ಹವ್ಯಾಸಿಗಳದ್ದು ಇನ್ನೊಂದು ದಾರಿ. 1971ರಲ್ಲಿ ಶುರುವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ, ಅಂದ್ರೆ ವೈಪಿಎಸ್, ನೃಪತುಂಗ ರಸ್ತೆಯ ಯುವ ಕೇಂದ್ರದಲ್ಲಿ ಎಷ್ಟೋ ಜನಕ್ಕೆ ಕಲಿಸಿದೆ. ಬೆಳಕು, ಕಂಪೋಸಿಷನ್, ಕಾಯೋ ತಾಳ್ಮೆ, ಇವೆಲ್ಲ ಇಂಥ ಕ್ಲಬ್ಬುಗಳು ಕೊಟ್ಟಿದ್ದೇ. ಆದ್ರೆ ಸ್ಪರ್ಧೆಯ ಫೋಟೋ ಅನ್ನೋ ಜಗತ್ತಿನಲ್ಲಿ ಒಂದು ಕಾಯಿಲೆ ಇದೆ, ಅದು ಎಲ್ಲಾ ದೇಶದಲ್ಲೂ ಇದೆ. ಸುಕ್ಕುಗಟ್ಟಿದ ಮುಖ, ಬೀಡಿ ಹೊಗೆ, ಓರೆ ಬೆಳಕು, ಕೆಳಗೆ ‘ಬದುಕು’ ಅಂತ ಶೀರ್ಷಿಕೆ. ಆ ಅಜ್ಜನ ಹೆಸರೇನು, ಯಾವ ಬೀದಿ, ಏನು ಕೆಲಸ ಮಾಡ್ತಿದ್ರು? ಇಲ್ಲ. ಆ ಎಂಟು ಸಂಪುಟದವರಾದ್ರೂ ಜಾತಿ, ಊರು ಬರೆದಿದ್ರು. ಇನ್‌ಸ್ಟಾಗ್ರಾಂನಲ್ಲಿ ನಾವು ಹ್ಯಾಶ್‌ಟ್ಯಾಗ್ ಹಾಕಿ ಮುಗಿಸ್ತೀವಿ.

ಇನ್ನೊಂದು, ನಾವೆಲ್ಲ ಹೋಗೋದು ಎಲ್ಲರೂ ಹೋಗೋ ಕಡೆಗೇ. ಚೈತ್ರ ಹುಣ್ಣಿಮೆ ರಾತ್ರಿ ತಿಗಳರಪೇಟೆಯ ಕರಗ, ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ, ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿನ ಹೂವು. ನಾನೂ ಹೋಗ್ತೀನಿ, ಮಜಾ ಇರತ್ತೆ. ಕರಗದ ರಾತ್ರಿ ಒಂದು ಮಲ್ಲಿಗೆ ಮೊಗ್ಗಿಗೆ ಹತ್ತು ಮೊಬೈಲು. ಆದ್ರೆ 2007ರಲ್ಲಿ ಬಿಬಿಎಂಪಿ ಆದಾಗ ನಗರದೊಳಗೆ ಬಂದ 110 ಹಳ್ಳಿಗಳ ಊರಹಬ್ಬಕ್ಕೆ ಎಷ್ಟು ಕ್ಯಾಮೆರಾ ಬರತ್ತೆ? ತಂಬಿಟ್ಟಿನ ಆರತಿ ಹೊತ್ತ ಹೆಂಗಸರು ಅಪಾರ್ಟ್‌ಮೆಂಟ್ ಗೇಟಿನ ಮುಂದೆ ಸಾಲಾಗಿ ಹೋಗ್ತಿರ್ತಾರೆ, ಸೆಕ್ಯುರಿಟಿಯವರು ಎದ್ದು ಕೈ ಮುಗೀತಾರೆ, ಹಿಂದೆ ಸ್ವಿಗ್ಗಿ ಹುಡುಗರು ಗಾಡಿ ಆಫ್ ಮಾಡಿ ಕಾಯ್ತಿರ್ತಾರೆ. ನವೆಂಬರ್ ಪೂರ್ತಿ ರಾಜ್ಯೋತ್ಸವದ ಆರ್ಕೆಸ್ಟ್ರಾ, ಅಪ್ಪು ಕಟೌಟು. ಒಂದು ತಿಂಗಳು ಪೆಂಡಾಲಿನಲ್ಲಿ ಅಣ್ಣಮ್ಮ, ಇನ್ನೊಂದು ತಿಂಗಳು ಗಣೇಶ. ಇದು ಹೀಗೇ ಇರಲ್ಲ. 2021ರಲ್ಲಿ ಮೆಟ್ರೋ ಕೆಂಗೇರಿವರೆಗೆ ಬಂದ ಮೇಲೆ ನಮ್ಮ ಕಡೆ ಒಂಟಿ ಮನೆಗಳು ನಾಲ್ಕಂತಸ್ತಿನ ಪಿಜಿಗಳಾಗಿದ್ದನ್ನ ಕಣ್ಣಾರೆ ನೋಡಿದೀನಿ.

ಹಾಗಾಗಿ ಭಾನುವಾರ ಬೆಳಗ್ಗೆ ಮೇನ್ ರೋಡಿಗೆ ಹೋಗ್ತೀನಿ. ಮೊದಮೊದಲು ಎಲ್ಲರದ್ದೂ ಒಂದೇ ಪ್ರಶ್ನೆ: “ಕಾರ್ಪೊರೇಷನ್ನವರಾ ಸಾರ್?” ತಳ್ಳೋಗಾಡಿಯವರಿಗೆ ಕ್ಯಾಮೆರಾ ಅಂದ್ರೆ ಎತ್ತಂಗಡಿಗೆ ಮುಂಚೆ ಬರೋ ಸಾಕ್ಷಿ. ನೂರೈವತ್ತು ವರ್ಷ ಆದ್ರೂ ಆ ಭಯ ಸುಮ್ನೇ ಉಳಿದಿಲ್ಲ ಅನ್ಸತ್ತೆ. ಅದಕ್ಕೆ ನಾನು ಕೇಳಿಯೇ ತೆಗೀತೀನಿ, ಮುಂದಿನ ವಾರ ಪ್ರಿಂಟ್ ಕೊಡ್ತೀನಿ. ಕೇಳಿದ್ರೆ ಸಹಜತೆ ಹೋಗತ್ತೆ ಅಂತ ಕೆಲವು ಗೆಳೆಯರ ವಾದ. ಮೂರನೇ ವಾರಕ್ಕೆ ಅದು ತಾನಾಗೇ ವಾಪಸ್ ಬರತ್ತೆ.

ಸೊಪ್ಪು ಮಾರೋ ಒಬ್ಬ ಅಜ್ಜಿ ಇದ್ದರು. ಸೊಪ್ಪಿನ ಮೇಲೆ ನೀರು ಚಿಮುಕಿಸ್ತಾ, ಯಾರಿಗೋ ಬೈತಾ ಬೈತಾನೇ ನಗ್ತಿರೋ ಒಂದು ಫೋಟೋ ಸಿಕ್ತು. ಪ್ರಿಂಟ್ ಕೊಟ್ಟಾಗ ತುಂಬಾ ಹೊತ್ತು ನೋಡಿ, “ಇಷ್ಟು ವಯಸ್ಸಾಗೋಯ್ತಾ ನಂಗೆ?” ಅಂದ್ರು. ಒಂದು ವರ್ಷದ ಮೇಲೆ ಅವರ ಮಗ ಹುಡುಕ್ಕೊಂಡು ಬಂದ್ರು. ಅಮ್ಮ ತೀರಿಕೊಂಡಿದ್ರು, ಬೇರೆ ಒಳ್ಳೇ ಫೋಟೋ ಇರಲಿಲ್ಲ. “ದೊಡ್ಡದು ಮಾಡಿಸ್ಕೊಡಿ ಸಾರ್. ಆದ್ರೆ ಆ ಸೊಪ್ಪು, ಚೀಲ ಎಲ್ಲಾ ತೆಗೆಸಿ. ಗೋಡೆ ಮೇಲೆ ಯಾಕೆ ಅದು.”

ನಂಗೆ ಆ ಫೋಟೋದಲ್ಲಿ ಬೇಕಾಗಿದ್ದೇ ಆ ಕೈ, ಆ ನೀರು. ಹೇಳಲಿಲ್ಲ. ಅಮ್ಮ ಹೇಗೆ ಕಾಣಬೇಕು ಅಂತ ಹೇಳೋ ಹಕ್ಕು ಅವರದ್ದು. ಸ್ಟುಡಿಯೋದವರು ಹಿಂದೆ ನೀಲಿ ಬಣ್ಣ ಹಾಕಿ, ಸೆರಗು ಸರಿಮಾಡಿ, ಫ್ರೇಮ್ ಹಾಕ್ಕೊಟ್ರು.

ಮೂಲ ಫೋಟೋ ನನ್ನ ಹತ್ರ ಇದೆ. ತಾರೀಕು, ಟೈಮು, ಲೊಕೇಷನ್ನು ಫೈಲಿನೊಳಗೆ ತಾನಾಗೇ ಕೂತಿರತ್ತೆ. ವಾಟ್ಸ್ಯಾಪಿನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದ್ರೆ ಅದೂ ಅಳಿಸಿಹೋಗತ್ತೆ, ಡಾಕ್ಯುಮೆಂಟ್ ಆಗಿ ಕಳಿಸಿದ್ರೆ ಉಳಿಯತ್ತೆ. ಹೆಸರನ್ನ ಮಾತ್ರ ಯಾವ ಕ್ಯಾಮೆರಾನೂ ಬರೆಯಲ್ಲ. ಮಗನನ್ನ ಕೂರಿಸಿಕೊಂಡು ಕ್ಯಾಪ್ಷನ್ ತುಂಬಿಸಿದೆ: ಹೆಸರು, ಹುಟ್ಟಿದ ಊರು, ಉಲ್ಲಾಳಕ್ಕೆ ಬಂದ ವರ್ಷ. ಕೆಲಸ ಅನ್ನೋ ಕಡೆ ಬಂದಾಗ ಅವರು ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ ಒಂದೊಂದಾಗಿ ಅವರೇ ಹೇಳಿ ಬರೆಸಿದ್ರು: ದಂಟು, ಅರಿವೆ, ಸಬ್ಬಸಿಗೆ, ಮೆಂತ್ಯ, ಮಳೆಗಾಲದಲ್ಲಿ ಅಣ್ಣೆಸೊಪ್ಪು.